ಹಳೆಯ ಮಸಲ್ ಕಾರಿಗೆ ಕ್ರೇಟ್ ಎಂಜಿನ್ ಆರಿಸುವ ಬಗೆ

1960ರ ದಶಕದ ಕೊನೆಯದೋ 1970ರ ದಶಕದ ಆರಂಭದ್ದೋ ಆದ ಅಮೆರಿಕನ್ ಮಸಲ್ ಕಾರು (ದೊಡ್ಡ ಎಂಜಿನ್ನಿನ ಜೋರಾದ ಕಾರು), ಅದು ಮಸ್ಟಾಂಗ್ ಆಗಲಿ, ಕಮಾರೊ ಆಗಲಿ, ಡಾಡ್ಜ್ ಚಾರ್ಜರ್ ಆಗಲಿ, ತುಮಕೂರಿನಂಥ ಊರಿನ ಶೆಡ್ಡಿನಲ್ಲಿ ನಿಂತಿದ್ದು ಅದರ ವಿ-8 ಎಂಜಿನ್ನಿನ ಬ್ಲಾಕ್, ಎಂದರೆ ಎಂಟು ಸಿಲಿಂಡರುಗಳಿರುವ ಮುಖ್ಯ ಭಾಗ, ಇನ್ನೊಮ್ಮೆ ಬೋರ್ ಮಾಡಿಸಲಾಗದಷ್ಟು ಸವೆದಿದ್ದರೆ, ಮಾಲೀಕರ ಮುಂದೆ ಉಳಿಯುವ ಒಳ್ಳೆಯ ದಾರಿ ಕ್ರೇಟ್ ಎಂಜಿನ್. ಕಾರ್ಖಾನೆಯಲ್ಲಿಯೇ ಜೋಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ಮಾರುವ ಹೊಸ ಎಂಜಿನ್ನಿಗೆ ಈ ಹೆಸರು. ಇಂಥ ಎಂಜಿನ್ ಕೊಳ್ಳುವವರು ಸಾಮಾನ್ಯವಾಗಿ ಎಷ್ಟು ಅಶ್ವಶಕ್ತಿ ಎಂಬುದನ್ನೇ ಮೊದಲು ಕೇಳುತ್ತಾರೆ. ಆದರೆ ನಮ್ಮ ಆರ್‌.ಟಿ.ಒ. ನಿಯಮ, ನಮ್ಮ ಪೆಟ್ರೋಲ್, ನಮ್ಮ ಊರಿನ ಎತ್ತರ ಮತ್ತು ನಮ್ಮ ರಸ್ತೆಯ ಹಂಪುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಕಾರು ಹುಟ್ಟಿದಾಗ ಯಾವ ಕಂಪನಿಯ ಯಾವ ಅಳತೆಯ ಎಂಜಿನ್ ಹೊತ್ತಿತ್ತೋ ಅದೇ ಕುಲದ, ಮಿತವಾದ ಶಕ್ತಿಯ ಹೊಸ ಎಂಜಿನ್ನೇ ಇಲ್ಲಿಯ ಮಾಲೀಕರಿಗೆ ಸರಿಯಾದ ಆಯ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರೇಟ್ ಎಂಜಿನ್ ಮೂರು ರೂಪಗಳಲ್ಲಿ ಸಿಗುತ್ತದೆ. ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಮತ್ತು ಪಿಸ್ಟನ್ ಮಾತ್ರ ಇರುವುದು ಶಾರ್ಟ್ ಬ್ಲಾಕ್. ಅದಕ್ಕೆ ಹೆಡ್, ಕ್ಯಾಮ್ ಮತ್ತು ವಾಲ್ವುಗಳ ಜೋಡಣೆ ಸೇರಿದರೆ ಲಾಂಗ್ ಬ್ಲಾಕ್. ಇನ್‌ಟೇಕ್, ಕಾರ್ಬುರೇಟರ್ ಅಥವಾ ಇಂಜೆಕ್ಷನ್, ಇಗ್ನಿಷನ್, ವಾಟರ್ ಪಂಪ್ ಎಲ್ಲವೂ ಸೇರಿ ಬಂದರೆ ಅದು ಪೂರ್ಣ ಎಂಜಿನ್. ಅಮೆರಿಕದಲ್ಲಾದರೆ ಕಡಿಮೆ ಬಿದ್ದ ಭಾಗವನ್ನು ಮರುದಿನವೇ ತರಿಸಿಕೊಳ್ಳಬಹುದು. ಇಲ್ಲಿ ಒಂದು ಸಣ್ಣ ಬ್ರಾಕೆಟ್ಟಿಗಾಗಿಯೂ ವಾರಗಟ್ಟಲೆ ಕಾಯಬೇಕಾಗುತ್ತದೆ, ಅದರ ಮೇಲೆ ಕಸ್ಟಮ್ಸ್ ಖರ್ಚು ಬೇರೆ ಬೀಳುತ್ತದೆ. ಆದ್ದರಿಂದ ಬೆಲೆ ಸ್ವಲ್ಪ ಹೆಚ್ಚಾದರೂ ಪೂರ್ಣ ಎಂಜಿನ್ನನ್ನೇ ತರಿಸುವುದು ಲೇಸು. ಹಳೆಯ ಎಂಜಿನ್ನಿನ ಇನ್‌ಟೇಕ್, ಆಲ್ಟರ್ನೇಟರ್, ಪುಲ್ಲಿಗಳು ಒಳ್ಳೆಯ ಸ್ಥಿತಿಯಲ್ಲಿದ್ದು ಹೊಸ ಎಂಜಿನ್ ಅದೇ ಕುಲದ್ದಾಗಿದ್ದರೆ ಮಾತ್ರ ಲಾಂಗ್ ಬ್ಲಾಕ್ ಸಾಕು.

ಮೊದಲು ಆರ್‌.ಸಿ.

ಹಣ ಕಟ್ಟುವ ಮೊದಲು ಆರ್‌.ಸಿ. ಪುಸ್ತಕವನ್ನು ಕೈಗೆತ್ತಿಕೊಂಡು ಅದರಲ್ಲಿ ಎಂಜಿನ್ ನಂಬರ್, ಘನ ಸಾಮರ್ಥ್ಯ ಮತ್ತು ಇಂಧನದ ಬಗ್ಗೆ ಏನು ನಮೂದಾಗಿದೆ ಎಂದು ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಈ ನಿಯಮವನ್ನು ಕಟ್ಟುನಿಟ್ಟಾಗಿಯೇ ಓದಬೇಕೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಹೀಗಿರುವಾಗ 5.7 ಲೀಟರಿನ ಷೆವ್ರೊಲೆ ಎಂಜಿನ್ನಿದ್ದ ಕಾರಿಗೆ ಅದೇ ಅಳತೆಯ ಷೆವ್ರೊಲೆ ಎಂಜಿನ್ ಕೂರಿಸಲು ನೋಂದಣಿ ಪ್ರಾಧಿಕಾರದ ಮುಂದೆ ಅರ್ಜಿ ಹಿಡಿದು ನಿಲ್ಲುವುದಕ್ಕೂ, ಮಸ್ಟಾಂಗ್ ಒಳಗೆ ಷೆವ್ರೊಲೆ ಎಂಜಿನ್ ತುರುಕಿ ಆಮೇಲೆ ಒಪ್ಪಿಗೆ ಕೇಳುವುದಕ್ಕೂ ಬಹಳ ಅಂತರವಿದೆ. ತುಮಕೂರಿನ ಕೆಎ-06 ಆಗಲಿ, ಕೋಲಾರದ ಕೆಎ-07 ಆಗಲಿ, ಚಿಕ್ಕಬಳ್ಳಾಪುರದ ಕೆಎ-40 ಆಗಲಿ, ನಿಮ್ಮ ಕಾರು ಯಾವ ಕಚೇರಿಗೆ ಸೇರಿದೆಯೋ ಅಲ್ಲಿ ಮೊದಲೇ ಲಿಖಿತ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆದ ಮೇಲೆಯೇ ಆರ್ಡರ್ ಮಾಡಬೇಕು. ಬಾಯಿಮಾತಿನ ಭರವಸೆ ವಿಮಾ ಕಂಪನಿಯ ಮುಂದೆ ನಿಲ್ಲುವುದಿಲ್ಲ.

ಇದರೊಂದಿಗೆ ಇನ್ನೊಂದು ವಿಷಯವನ್ನು ತೂಗಿ ನೋಡಬೇಕು. 2021ರಲ್ಲಿ ಬಂದ ಕೇಂದ್ರದ ನಿಯಮಗಳಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಕಾರು ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಮುಂದೆಂದಾದರೂ ಆ ನೋಂದಣಿ ಬೇಕೆನಿಸಬಹುದು ಎಂದಿದ್ದರೆ, ಕ್ರೇಟ್ ಎಂಜಿನ್ನಿನ ಯೋಚನೆ ಬಿಟ್ಟು ಮೂಲ ಎಂಜಿನ್ನಿಗೇ ಸ್ಲೀವ್ (ಸವೆದ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವುದು ಉತ್ತಮ. ಬದಲಾಯಿಸುವುದೇ ಸರಿ ಎಂದು ತೀರ್ಮಾನವಾದರೂ ಹಳೆಯ ಎಂಜಿನ್ನನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಎಲ್ಲ ತೂತುಗಳನ್ನೂ ಮುಚ್ಚಿ, ಪ್ಲಾಸ್ಟಿಕ್ ಸುತ್ತಿ, ಸ್ಟ್ಯಾಂಡಿನ ಮೇಲೆ ಇಟ್ಟುಕೊಳ್ಳಿ. ಕಾರಿನ ನಂಬರಿಗೆ ಹೊಂದುವ ಮೂಲ ಎಂಜಿನ್ ಜೊತೆಗಿದ್ದರೆ ಆ ಕಾರಿನ ಬೆಲೆಯೂ ಗೌರವವೂ ಬೇರೆಯೇ ಆಗಿರುತ್ತದೆ.

ಅಶ್ವಶಕ್ತಿಯ ಅಂಕಿ ಎಷ್ಟು ನಿಜ

ಅಮೆರಿಕದ ಕಂಪನಿಗಳು 1971ರವರೆಗೆ ಫ್ಯಾನ್, ಆಲ್ಟರ್ನೇಟರ್, ಸೈಲೆನ್ಸರ್ ಯಾವುದೂ ಇಲ್ಲದ ಬರಿಯ ಎಂಜಿನ್ನಿನ ಒಟ್ಟು ಶಕ್ತಿಯನ್ನೇ ಜಾಹೀರಾತಿನಲ್ಲಿ ಹೇಳುತ್ತಿದ್ದವು. 1972ರಿಂದ ಕಾರಿನಲ್ಲಿರುವ ಹಾಗೆಯೇ ಅಳೆದ ನಿವ್ವಳ ಶಕ್ತಿಯನ್ನು ಹೇಳತೊಡಗಿದವು. ಕಾರ್ವೆಟ್ಟಿನ ಎಲ್‌ಟಿ-1 ಎಂಜಿನ್ 1971ರಲ್ಲಿ 330 ಅಶ್ವಶಕ್ತಿಯದೆಂದು ಮಾರಾಟವಾಗಿ, ಮರುವರ್ಷ ಹೆಚ್ಚಿನ ಬದಲಾವಣೆಯಿಲ್ಲದೆಯೇ 255 ಆಯಿತು. ಆದ್ದರಿಂದ ‘ನನ್ನ ಕಾರಿಗೆ ಮೊದಲೇ 300 ಇತ್ತು, ಈಗ 450 ಬೇಡವೇ’ ಎಂಬ ಲೆಕ್ಕ ತಪ್ಪು ದಾರಿಗೆಳೆಯುತ್ತದೆ. ಇಂದಿನ 300 ನಿವ್ವಳ ಅಶ್ವಶಕ್ತಿಯ ಎಂಜಿನ್ ಹಳೆಯ 300ರ ಎಂಜಿನ್ನಿಗಿಂತ ಎದ್ದು ಕಾಣುವಷ್ಟು ಜೋರಾಗಿರುತ್ತದೆ. ಕ್ರೇಟ್ ಎಂಜಿನ್ನಿನ ಕೆಲವು ಮಾರಾಟಗಾರರು ಈಗಲೂ ಉದ್ದನೆಯ ಹೆಡರ್ (ಹೊಗೆ ಹೊರಹೋಗುವ ಪೈಪುಗಳ ಜೋಡಣೆ) ಹಾಕಿ, ಬೆಲ್ಟುಗಳಿಲ್ಲದೆ ಡೈನೋದಲ್ಲಿ, ಎಂದರೆ ಶಕ್ತಿ ಅಳೆಯುವ ಯಂತ್ರದಲ್ಲಿ, ಓಡಿಸಿ ಅಂಕಿ ಕೊಡುತ್ತಾರೆ. ಯಾವ ಸ್ಥಿತಿಯಲ್ಲಿ ಅಳೆದದ್ದು ಎಂದು ಕೇಳಿ ತಿಳಿದುಕೊಳ್ಳಬೇಕು.

ಅದರ ಮೇಲೆ ನಮ್ಮ ಎತ್ತರದ ಲೆಕ್ಕ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಮೇಲಿದೆ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಈ ಎತ್ತರದಲ್ಲಿ ಶೇಕಡಾ 8ರಿಂದ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಪಟ್ಟಿಯಲ್ಲಿ 430 ಎಂದಿರುವುದು ಇಲ್ಲಿ 390ರ ಆಸುಪಾಸಿಗೆ ಬರುತ್ತದೆ. ಬೇಸರಪಡುವ ಕಾರಣವಿಲ್ಲ, ಏಕೆಂದರೆ ರಸ್ತೆಯಲ್ಲಿ ಓಡಿಸುವವರಿಗೆ ಮುಖ್ಯವಾದದ್ದು ಟಾರ್ಕ್, ಎಂದರೆ ಎಂಜಿನ್ನಿನ ತಿರುಗಿಸುವ ಬಲ. ಅಶ್ವಶಕ್ತಿ ಎಂದರೆ ಪೌಂಡ್-ಅಡಿ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದ ಫಲ. 6,500 ಆರ್‌ಪಿಎಂನಲ್ಲಿ ಸಿಗುವ ದೊಡ್ಡ ಅಂಕಿಯನ್ನು ಮುಟ್ಟುವ ಸಂದರ್ಭ ನಮ್ಮ ರಸ್ತೆಗಳಲ್ಲಿ ಬರುವುದೇ ಅಪರೂಪ. ದೇವರಾಯನದುರ್ಗದ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗಬೇಕಾದರೆ 2,000ದಿಂದ 4,000 ಆರ್‌ಪಿಎಂವರೆಗೆ ಟಾರ್ಕ್ ತುಂಬಿಕೊಂಡಿರಬೇಕು. ಮಾರಾಟಗಾರರಿಂದ ಡೈನೋ ನಕ್ಷೆ ತರಿಸಿಕೊಂಡು, ತುದಿಯ ಬದಲು ಈ ನಡುಭಾಗವನ್ನು ನೋಡಿ.

ಪೆಟ್ರೋಲ್ ಮತ್ತು ಕಂಪ್ರೆಷನ್

ಇಲ್ಲಿ ಬಹಳ ಮಂದಿ ಗೊಂದಲಕ್ಕೆ ಬೀಳುತ್ತಾರೆ. ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು ನಾಕಿಂಗ್, ಅದನ್ನು ಪೆಟ್ರೋಲ್ ಎಷ್ಟು ತಡೆಯುತ್ತದೆ ಎಂಬ ಅಂಕಿ ಆಕ್ಟೇನ್. ಕ್ರೇಟ್ ಎಂಜಿನ್ನಿನ ಕೈಪಿಡಿಯಲ್ಲಿ ‘91 ಅಥವಾ 93 ಆಕ್ಟೇನ್ ಬೇಕು’ ಎಂದು ಬರೆದಿರುವುದನ್ನು ಓದಿ, ನಮ್ಮಲ್ಲಿ 91 ಸಿಗುತ್ತಿತ್ತಲ್ಲ ಎಂದುಕೊಳ್ಳುತ್ತಾರೆ. ಅಮೆರಿಕದ ಬಂಕಿನಲ್ಲಿ ಬರೆಯುವ ಸಂಖ್ಯೆ ಎರಡು ಪರೀಕ್ಷೆಗಳ ಸರಾಸರಿ, ನಮ್ಮಲ್ಲಿ ಹೇಳುವುದು ಆ ಎರಡರಲ್ಲಿ ದೊಡ್ಡದಾದ ರಿಸರ್ಚ್ ಆಕ್ಟೇನ್ ನಂಬರ್, ಎಂದರೆ ಆರ್‌ಒಎನ್. ಎರಡರ ನಡುವೆ 4ರಿಂದ 5 ಅಂಕಗಳ ಅಂತರವಿದೆ. ಅಲ್ಲಿಯ 91 ಎಂದರೆ ನಮ್ಮ ಲೆಕ್ಕದಲ್ಲಿ 95ರಿಂದ 96, ಅಲ್ಲಿಯ 93 ಎಂದರೆ ಸುಮಾರು 98. ನಮ್ಮ ಹಳೆಯ ಸಾಮಾನ್ಯ 91 ಪೆಟ್ರೋಲ್ ಅಲ್ಲಿಯ 87ಕ್ಕೆ ಸಮ. ಶೇಕಡಾ 20ರಷ್ಟು ಎಥನಾಲ್ ಬೆರೆತ ಇ20 ಬಂದ ಮೇಲೆ ಸಾಮಾನ್ಯ ಪೆಟ್ರೋಲಿನ ಆರ್‌ಒಎನ್ 95ಕ್ಕೆ ಏರಿದೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಹಾಗಿದ್ದರೂ ಶಿರಾದಾಚೆ ಯಾವುದೋ ಬಂಕಿನಲ್ಲಿ ತುಂಬಿಸಿದ ಪೆಟ್ರೋಲಿನಲ್ಲಿಯೂ ಎಂಜಿನ್ ನಾಕಿಂಗ್ ಇಲ್ಲದೆ ಓಡಬೇಕೆಂದರೆ, ಅಲ್ಯೂಮಿನಿಯಂ ಹೆಡ್ಡಿನ ಎಂಜಿನ್ನಿಗೆ 9.5:1ರ ಆಸುಪಾಸು, ಕಬ್ಬಿಣದ ಹೆಡ್ಡಿಗೆ 9:1ರ ಆಸುಪಾಸು ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅನುಪಾತ) ಇರುವುದನ್ನು ಆರಿಸುವುದು ಕ್ಷೇಮ. ಅದಕ್ಕಿಂತ ಹೆಚ್ಚಿನದು ಬೇಕಾದರೆ ನಾಕ್ ಸೆನ್ಸರ್ ಇರುವ ಇಂಜೆಕ್ಷನ್ ಎಂಜಿನ್ನೇ ಆಗಬೇಕು, ಅದು ನಾಕಿಂಗ್ ಕೇಳಿಸಿದ ಕೂಡಲೇ ಟೈಮಿಂಗ್ ಹಿಂದಕ್ಕೆ ಸರಿಸಿಕೊಳ್ಳುತ್ತದೆ.

ಎಥನಾಲಿನಿಂದ ಆಗುವ ಇನ್ನೊಂದು ಪರಿಣಾಮ ಮಿಶ್ರಣದ ಮೇಲಿನದು. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು, ಇ20ಕ್ಕೆ ಸುಮಾರು 13.5 ಸಾಕು. ಎಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಾದ ಜೆಟ್ ಅದೇ ಇದ್ದರೆ ಮಿಶ್ರಣ ತೆಳುವಾಗುತ್ತದೆ. ಎತ್ತರದ ಊರಿನ ತೆಳು ಗಾಳಿ ಕಾರ್ಬುರೇಟರಿನ ಮಿಶ್ರಣವನ್ನು ಇದಕ್ಕೆ ವಿರುದ್ಧವಾಗಿ ದಪ್ಪ ಮಾಡುತ್ತದೆ. ತುಮಕೂರಿನ ಎತ್ತರದಲ್ಲಿ ಇವೆರಡೂ ಒಂದನ್ನೊಂದು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತವೆ, ಆದರೆ ಅದನ್ನು ನಂಬಿ ಸುಮ್ಮನಿರುವಂತಿಲ್ಲ. ಎಕ್ಸಾಸ್ಟ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ಮೀಟರಿನಲ್ಲಿ ನೋಡಿಯೇ ಜೆಟ್ ನಿರ್ಧರಿಸಬೇಕು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಫ್ಲೋಟ್‌ಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಾಯಿಸುವುದು ಅಗತ್ಯ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಲ್ಲುವ ಕಾರಿನ ಕಬ್ಬಿಣದ ಟ್ಯಾಂಕಿನ ಒಳಗೆ ತುಕ್ಕು ಬೇಗ ಹಿಡಿಯುತ್ತದೆ ಎಂಬುದೂ ನೆನಪಿನಲ್ಲಿರಲಿ.

ಯಾವ ಕಾರಿಗೆ ಯಾವ ಕುಲ

ಷೆವ್ರೊಲೆ ಕಾರಿನವರು ಅದೃಷ್ಟವಂತರು. 1955ರಲ್ಲಿ 265 ಘನ ಅಂಗುಲದಿಂದ ಆರಂಭವಾದ ಸ್ಮಾಲ್ ಬ್ಲಾಕ್ ಎಂಬ ಎಂಜಿನ್ ಕುಲ ಇಂದಿಗೂ ಹೊಸದಾಗಿ ಸಿಗುತ್ತದೆ. 350 ಘನ ಅಂಗುಲ, ಎಂದರೆ 5.7 ಲೀಟರಿನ ಎಂಜಿನ್ 1967ರ ಕಮಾರೊದಲ್ಲಿಯೇ ಬಂದದ್ದು, ಹಾಗಾಗಿ ಹಳೆಯ ಫೌಂಡೇಶನ್ (ಎಂಜಿನ್ ಕೂರುವ ಮೌಂಟ್), ಹಳೆಯ ಗೇರ್‌ಬಾಕ್ಸ್, ಹಳೆಯ ರೇಡಿಯೇಟರ್ ಪೈಪುಗಳಿಗೆ ನೇರವಾಗಿ ಕೂರುತ್ತದೆ. ಜನರಲ್ ಮೋಟಾರ್ಸ್‌ನ ಪಟ್ಟಿಯಲ್ಲಿ ಹೆಸರಾದ 290 ಅಶ್ವಶಕ್ತಿಯ 350 ಎಂಜಿನ್ನಿಗೆ 8:1ರ ಕಂಪ್ರೆಷನ್ ಇದ್ದು, ಎಂಥ ಪೆಟ್ರೋಲಿನಲ್ಲಿಯೂ ಓಡುತ್ತದೆ. ರೋಲರ್ ಕ್ಯಾಮ್ (ಇದರ ಬಗ್ಗೆ ಮುಂದೆ ಹೇಳುತ್ತೇನೆ) ಇರುವ ಎಸ್‌ಪಿ350/357 ಅದಕ್ಕಿಂತ ಮೇಲಿನದು, 405 ಅಶ್ವಶಕ್ತಿಯ ಝಡ್‌ಝಡ್6 ಇನ್ನೂ ಮೇಲಿನದು. 1997ರ ಕಾರ್ವೆಟ್ಟಿನೊಂದಿಗೆ ಬಂದ ಎಲ್‌ಎಸ್ ಕುಲದ ಎಂಜಿನ್ ಹೊಸ ಕಾಲದ್ದು. ಅದರಲ್ಲಿ 6.2 ಲೀಟರಿನ, 430 ಅಶ್ವಶಕ್ತಿಯ ಎಲ್‌ಎಸ್3 ಪೂರ್ತಿ ಅಲ್ಯೂಮಿನಿಯಂ ಆದ್ದರಿಂದ ಕಬ್ಬಿಣದ 350ಕ್ಕಿಂತ 50 ಕೆಜಿಗೂ ಹೆಚ್ಚು ಹಗುರ, ಮುಂಭಾಗ ಹಗುರಾದಷ್ಟೂ ಸ್ಟೀರಿಂಗ್ ಚುರುಕಾಗುತ್ತದೆ. ಆದರೆ ಅದಕ್ಕೆ 10.7:1ರ ಕಂಪ್ರೆಷನ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಹೊಸ ವೈರಿಂಗ್, ಸುಮಾರು 58 ಪಿಎಸ್‌ಐ ಒತ್ತಡದ ಪೆಟ್ರೋಲ್ ಪಂಪ್, ಬೇರೆ ಆಯಿಲ್ ಚೇಂಬರ್ (ಎಂಜಿನ್ ಕೆಳಗಿನ ಎಣ್ಣೆಯ ತೊಟ್ಟಿ), ಬೇರೆ ಫೌಂಡೇಶನ್ ಎಲ್ಲವೂ ಬೇಕು. ಕಾರ್ಬುರೇಟರಿನ ಕಾರಿನಲ್ಲಿ ಪಂಪಿನ ಒತ್ತಡ 5ರಿಂದ 7 ಪಿಎಸ್‌ಐ ಮಾತ್ರ ಎಂಬುದನ್ನು ಗಮನಿಸಿದರೆ, ಕೆಲಸ ಟ್ಯಾಂಕಿನವರೆಗೂ ಹೋಗುತ್ತದೆ ಎಂಬುದು ತಿಳಿಯುತ್ತದೆ. ರಾತ್ರಿ ಹಿರಿಯೂರಿನ ಹತ್ತಿರ ಕಾರು ನಿಂತರೆ, 350ರ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಬಲ್ಲ ಮೇಸ್ತ್ರಿ ಸಿಗುತ್ತಾರೆ. ಎಲ್‌ಎಸ್ ಇಸಿಯುವಿನ ಕೋಡ್ ಓದುವವರು ಸಿಗುವುದು ಕಷ್ಟ.

ಮಸ್ಟಾಂಗಿನವರಿಗೆ 302 ಘನ ಅಂಗುಲದ ಫೋರ್ಡ್ ಎಂಜಿನ್ನೇ ಮೊದಲ ಆಯ್ಕೆಯಾಗಬೇಕು. 2011ರ ಮಸ್ಟಾಂಗಿನಲ್ಲಿ ಬಂದ 5 ಲೀಟರಿನ ಕೊಯೋಟಿ ಎಂಜಿನ್ ಬಹಳ ಸೊಗಸಾದದ್ದು, ನಿಜ. ಆದರೆ ಎರಡೆರಡು ಕ್ಯಾಮ್ ಹೊತ್ತ ಅದರ ಹೆಡ್ಡುಗಳು ಎಷ್ಟು ಅಗಲವೆಂದರೆ, 1960ರ ದಶಕದ ಮಸ್ಟಾಂಗಿನಲ್ಲಿ ಎರಡು ಬದಿ ಸಸ್ಪೆನ್ಷನ್ ಹಿಡಿದಿರುವ ಶಾಕ್ ಟವರುಗಳನ್ನು ಕತ್ತರಿಸದೆ ಅದು ಕೂರುವುದೇ ಇಲ್ಲ. ಶಾಕ್ ಟವರ್ ಕತ್ತರಿಸಿದರೆ ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಗಬೇಕು. 2018ರ ನಂತರದ ಕೊಯೋಟಿಗೆ 12:1ರ ಕಂಪ್ರೆಷನ್ ಬೇರೆ ಇದೆ. ಇಲ್ಲಿ ಅದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಡಾಡ್ಜ್ ಮತ್ತು ಪ್ಲಿಮತ್ ಕಾರುಗಳಿಗೆ 360 ಘನ ಅಂಗುಲದ ಹಳೆಯ ಕುಲ ಅಥವಾ 5.7 ಲೀಟರಿನ ಹೊಸ ಹೆಮಿ ಒಪ್ಪುತ್ತದೆ. ಹೊಸ ಹೆಮಿಗೆ ಸ್ಟೀರಿಂಗಿನ ಸೆಂಟರ್ ಲಿಂಕ್ ತಗಲದ ಹಾಗೆ ಆಯಿಲ್ ಚೇಂಬರ್ ಬದಲಾಯಿಸಬೇಕಾಗುತ್ತದೆ. 707 ಅಶ್ವಶಕ್ತಿಯ ಹೆಲ್‌ಕ್ರೇಟ್, 1,000 ಅಶ್ವಶಕ್ತಿಯ ಹೆಲಿಫೆಂಟ್ ಎಂಜಿನ್‌ಗಳ ಹೆಸರು ಎಲ್ಲರಿಗೂ ಗೊತ್ತು. 50 ವರ್ಷ ಹಳೆಯ, ಪ್ರತ್ಯೇಕ ಚಾಸಿಸ್ ಇಲ್ಲದ ಬಾಡಿಗೆ ಅವುಗಳನ್ನು ಕಟ್ಟಿದರೆ ಮೊದಲು ತಿರುಚಿಕೊಳ್ಳುವುದು ಬಾಡಿಯೇ.

ಅಳತೆ ತೆಗೆಯುವುದು

ಅದೇ ಕುಲದ ಎಂಜಿನ್ ಎಂದು ನಿರ್ಧರಿಸಿದ ಮೇಲೂ ಕೆಲವು ಜೋಡಣೆಯ ವಿವರಗಳು ತಪ್ಪಿದರೆ ಪೆಟ್ಟಿಗೆ ಬಿಚ್ಚಿದ ದಿನವೇ ಕೆಲಸ ನಿಲ್ಲುತ್ತದೆ. ಷೆವ್ರೊಲೆ ಸ್ಮಾಲ್ ಬ್ಲಾಕಿನಲ್ಲಿ 1986ರಿಂದ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನಿಂದ ಒಂದು ತುಂಡಿನದಾಯಿತು, ಅದರೊಂದಿಗೆ ಕ್ರ್ಯಾಂಕಿನ ಹಿಂಭಾಗವೂ ಫ್ಲೈವೀಲಿನ (ಕ್ರ್ಯಾಂಕಿನ ಹಿಂದಿನ ಭಾರದ ಚಕ್ರದ) ಸಮತೋಲನವೂ ಬದಲಾದವು. ಹಳೆಯ ಫ್ಲೈವೀಲನ್ನು ಒಂದು ತುಂಡಿನ ಸೀಲ್ ಇರುವ ಎಂಜಿನ್ನಿಗೆ ಹಾಕಲಾಗದು. ಫೋರ್ಡ್ 302ರಲ್ಲಿ 1981ರವರೆಗೆ 28 ಔನ್ಸಿನ ಸಮತೋಲನ, ಆಮೇಲೆ 50 ಔನ್ಸಿನದು. ಎರಡನ್ನೂ ಬೆರೆಸಿದರೆ ಎಂಜಿನ್ ನಡುಗಿ ಕ್ರ್ಯಾಂಕ್ ಬೇರಿಂಗುಗಳು ಹಾಳಾಗುತ್ತವೆ. ಆರ್ಡರ್ ಹಾಕುವಾಗ ಯಾವ ಫ್ಲೈವೀಲ್, ಯಾವ ಡ್ಯಾಂಪರ್ (ಕ್ರ್ಯಾಂಕಿನ ಮುಂದಿನ, ನಡುಕ ತಡೆಯುವ ಚಕ್ರ) ಎಂಬುದನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ.

ಎತ್ತರದ ಅಳತೆಗೆ ಗ್ಯಾರೇಜುಗಳಲ್ಲಿ ನಡೆದುಬಂದ ಒಂದು ಸರಳ ಉಪಾಯವಿದೆ. ಗಣೇಶನ ಮೂರ್ತಿ ಮಾಡುವ ಹದಕ್ಕೆ ನಾದಿದ ಜೇಡಿಮಣ್ಣಿನ ಉಂಡೆಗಳನ್ನು ಈಗಿರುವ ಏರ್ ಕ್ಲೀನರ್ ಮೇಲೆ ಮೂರು ನಾಲ್ಕು ಕಡೆ ಇಟ್ಟು, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಾನೆಟ್ಟನ್ನು ನಿಧಾನವಾಗಿ ಪೂರ್ತಿ ಮುಚ್ಚಿ ಮತ್ತೆ ತೆಗೆಯಬೇಕು. ಚಪ್ಪಟೆಯಾದ ಉಂಡೆಯನ್ನು ನಡುವೆ ಬ್ಲೇಡಿನಿಂದ ಕೊಯ್ದು ಸ್ಕೇಲಿಟ್ಟು ಅಳೆದರೆ, ಅಲ್ಲಿರುವ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಎಳೆತಕ್ಕೆ ಎಂಜಿನ್ ಫೌಂಡೇಶನ್ ಮೇಲೆ ಏಳುವುದರಿಂದ ಕನಿಷ್ಠ 20 ಮಿಲಿಮೀಟರ್ ಬಿಡುವು ಉಳಿಯಲೇಬೇಕು. ಹೊಸ ಇನ್‌ಟೇಕ್ ಹಳೆಯದಕ್ಕಿಂತ ಎಷ್ಟು ಎತ್ತರ ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಿ. ಇದೇ ರೀತಿ ಆಯಿಲ್ ಚೇಂಬರ್ ಮತ್ತು ಕ್ರಾಸ್‌ಮೆಂಬರ್ ನಡುವೆ, ಹೆಡರ್ ಮತ್ತು ಸ್ಟೀರಿಂಗ್ ಬಾಕ್ಸ್ ನಡುವೆ, ಡಿಸ್ಟ್ರಿಬ್ಯೂಟರ್ ಮತ್ತು ಫೈರ್‌ವಾಲ್ ನಡುವೆ ಅಳೆದು ಬರೆದಿಟ್ಟುಕೊಳ್ಳಬೇಕು. ಬ್ರಾಕೆಟ್ ಮಾಡಿಸಬೇಕಾಗಿ ಬಂದರೆ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಲೇತ್‌ಗಳಲ್ಲಿ ಒಳ್ಳೆಯ ಕೆಲಸವಾಗುತ್ತದೆ, ಅಳತೆ ಸರಿಯಾಗಿ ಕೊಡುವುದು ನಮ್ಮ ಜವಾಬ್ದಾರಿ.

ಕ್ಯಾಮ್, ಟ್ಯಾಪೆಟ್ ಮತ್ತು ಎಣ್ಣೆ

ಆಯ್ಕೆಗೆ ಎರಡು ಎಂಜಿನ್‌ಗಳು ಉಳಿದು, ಒಂದರಲ್ಲಿ ಫ್ಲ್ಯಾಟ್ ಟ್ಯಾಪೆಟ್, ಇನ್ನೊಂದರಲ್ಲಿ ರೋಲರ್ ಟ್ಯಾಪೆಟ್ ಇದ್ದರೆ (ಟ್ಯಾಪೆಟ್ ಎಂದರೆ ಕ್ಯಾಮಿನ ಉಬ್ಬು ತಳ್ಳಿದಾಗ ವಾಲ್ವನ್ನು ತೆರೆಸುವ ತುಂಡು), ಹಣ ಹೊಂದಿಸಿಕೊಂಡಾದರೂ ರೋಲರನ್ನೇ ತೆಗೆದುಕೊಳ್ಳಿ. ಫ್ಲ್ಯಾಟ್ ಟ್ಯಾಪೆಟ್ ಕ್ಯಾಮಿನ ಮೇಲೆ ಉಜ್ಜಿಕೊಂಡೇ ಚಲಿಸುವುದರಿಂದ ಅದಕ್ಕೆ ಸತು ಮತ್ತು ರಂಜಕದ ಸಂಯುಕ್ತ ಹೆಚ್ಚಿರುವ ಎಣ್ಣೆ ಬೇಕು. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲೆಂದು ಇಂದಿನ ಕಾರುಗಳ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಬಂಕಿನಲ್ಲಿ ಸಿಗುವ ಹೊಸ ಎಣ್ಣೆ ತುಂಬಿ ಓಡಿಸಿದರೆ ಕ್ಯಾಮಿನ ಉಬ್ಬುಗಳು ಸವೆದು, ಲೋಹದ ಪುಡಿ ಎಂಜಿನ್ನಿಗೆಲ್ಲ ಹರಡುತ್ತದೆ. ಮೇಲೆ ಹೇಳಿದ 290 ಅಶ್ವಶಕ್ತಿಯ 350 ಎಂಜಿನ್ ಫ್ಲ್ಯಾಟ್ ಟ್ಯಾಪೆಟ್ಟಿನದು ಎಂಬುದೊಂದೇ ಅದರ ಕೊರತೆ.

ಕ್ಯಾಮಿನ ಡ್ಯುರೇಷನ್, ಎಂದರೆ ವಾಲ್ವು ತೆರೆದಿರುವ ಅವಧಿ, ಹೆಚ್ಚಿದಷ್ಟೂ ಐಡ್ಲಿಂಗಿನಲ್ಲಿ ಆ ಹೆಸರಾಂತ ಗುಡುಗುಡು ಸದ್ದು ಹೆಚ್ಚುತ್ತದೆ, ಅದಕ್ಕೆ ಮನಸೋಲದವರು ಕಡಿಮೆ. ಆದರೆ ಅದೇ ಹೊತ್ತಿಗೆ ಇನ್‌ಟೇಕಿನ ವ್ಯಾಕ್ಯೂಮ್ ಇಳಿದು, ವ್ಯಾಕ್ಯೂಮ್ ನಂಬಿರುವ ಪವರ್ ಬ್ರೇಕ್ ಗಟ್ಟಿಯಾಗುತ್ತದೆ. ಬಿ.ಎಚ್. ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಸಾಗಬೇಕಾದವರಿಗೆ ಐಡ್ಲಿಂಗಿನಲ್ಲಿ 16 ಅಂಗುಲ ಪಾದರಸದಷ್ಟಾದರೂ ವ್ಯಾಕ್ಯೂಮ್ ಉಳಿಸುವ ಸಣ್ಣ ಕ್ಯಾಮೇ ಸರಿ.

ಎಂಜಿನ್ನಿನ ಹಿಂದೆ ಮುಂದೆ

ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ತಾಳುವಷ್ಟೇ ಟಾರ್ಕ್ ಕೊಳ್ಳಬೇಕು. ಫೋರ್ಡಿನ 8 ಅಂಗುಲದ ಆಕ್ಸಲ್ ಮಿತವಾದ 302ಕ್ಕೆ ಸಾಕು, ಅದಕ್ಕೂ ಮೇಲೆ ಹೋದರೆ 9 ಅಂಗುಲದ್ದು ಬೇಕು. ಷೆವ್ರೊಲೆಯಲ್ಲಿ 10 ಬೋಲ್ಟಿನಿಂದ 12 ಬೋಲ್ಟಿನದಕ್ಕೆ ಏರಬೇಕು. ಟಿ-5 ಗೇರ್‌ಬಾಕ್ಸ್ ಸುಮಾರು 300 ಪೌಂಡ್-ಅಡಿ ಟಾರ್ಕಿಗೆ ಮಾಡಿದ್ದು. ಮುಂದೆ ಡ್ರಮ್ ಬ್ರೇಕ್ ಇರುವ ಕಾರಾದರೆ ಎಂಜಿನ್ನಿಗಿಂತ ಮೊದಲು ಡಿಸ್ಕ್ ಬ್ರೇಕಿಗೆ ಹಣ ತೆಗೆದಿಡಿ, ಇದರಲ್ಲಿ ರಾಜಿ ಬೇಡ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಿಂತಲ್ಲೇ ನಿಲ್ಲುವ ಟ್ರಾಫಿಕ್ಕಿಗೆ ಹಳೆಯ ಹಿತ್ತಾಳೆ ರೇಡಿಯೇಟರ್ ಸಾಲದು. ಎರಡು ಸಾಲಿನ ದಪ್ಪ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿ, ಫ್ಯಾನನ್ನು ಹಿಂಭಾಗದಲ್ಲಿ, ರೇಡಿಯೇಟರಿನ ಪೂರ್ತಿ ಮುಖವನ್ನು ಮುಚ್ಚುವ ಶ್ರೌಡಿನೊಳಗೆ ಕೂರಿಸಬೇಕು. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಷ್ಟನ್ನು ಮಾತ್ರ ತಂಪು ಮಾಡುತ್ತದೆ. ಉದ್ದನೆಯ ಹೆಡರ್‌ಗಳು ಕಾರಿನ ಅತ್ಯಂತ ಕೆಳಗಿನ ಭಾಗವಾಗಿ ಬಿಡುವುದರಿಂದ ಹಳ್ಳಿ ರಸ್ತೆಯ ಮೊದಲ ಹಂಪಿಗೇ ಪೆಟ್ಟು ತಿನ್ನುತ್ತವೆ. ಕಬ್ಬಿಣದ ಮ್ಯಾನಿಫೋಲ್ಡ್ ಅಥವಾ ಗಿಡ್ಡ ಹೆಡರ್ ಇರಲಿ, ಕಳೆದುಕೊಳ್ಳುವ ಅಶ್ವಶಕ್ತಿಗೆ ಚಿಂತಿಸಬೇಡಿ.

ತರಿಸುವುದು ಮತ್ತು ಮೊದಲ ಸ್ಟಾರ್ಟ್

ಕಸ್ಟಮ್ಸ್ ಸುಂಕವನ್ನು ಎಂಜಿನ್ನಿನ ಬೆಲೆಯ ಜೊತೆಗೆ ಸಾಗಣೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ, ಸುಂಕವೂ ಸೇರಿದ ಒಟ್ಟಿನ ಮೇಲೆ ಐಜಿಎಸ್‌ಟಿ ಬೀಳುತ್ತದೆ. ಆದ್ದರಿಂದ ಅಲ್ಲಿಯ ಬೆಲೆಯೊಂದನ್ನೇ ರೂಪಾಯಿಗೆ ಪರಿವರ್ತಿಸಿ ಬಜೆಟ್ ಮಾಡಬಾರದು. ಚೆನ್ನೈ ಬಂದರಿನಿಂದಲೋ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೊದಿಂದಲೋ ಬಿಡಿಸಿಕೊಳ್ಳುವ ಏಜೆಂಟರಿಂದ ಮೊದಲೇ ಪೂರ್ತಿ ಎಸ್ಟಿಮೇಟ್ ಪಡೆಯಿರಿ. ಬಿಲ್ಲಿನಲ್ಲಿ ಎಂಜಿನ್ ನಂಬರ್ ನಮೂದಾಗಿರಲಿ, ಆರ್‌.ಟಿ.ಒ.ದಲ್ಲಿ ಅದೇ ಬಿಲ್ಲು ಬೇಕಾಗುತ್ತದೆ. ವಾರಂಟಿ ಅಮೆರಿಕದ ಹೊರಗೆ ಅನ್ವಯಿಸುತ್ತದೆಯೇ ಎಂಬುದಕ್ಕೂ ಲಿಖಿತ ಉತ್ತರ ಕೇಳಿ.

ಎಂಜಿನ್ ಕೂತ ಮೇಲೆ ಕೀ ತಿರುಗಿಸುವ ಆತುರ ಬೇಡ. ಷೆವ್ರೊಲೆ 350ರಲ್ಲಿ ಡಿಸ್ಟ್ರಿಬ್ಯೂಟರನ್ನು ಹೊರತೆಗೆದು, ಆ ತೂತಿನಲ್ಲಿ ಪ್ರೈಮಿಂಗ್ ಟೂಲ್ ಇಳಿಸಿ ಡ್ರಿಲ್ ಮೆಷಿನ್ನಿನಿಂದ ಆಯಿಲ್ ಪಂಪ್ ತಿರುಗಿಸಬೇಕು. ಪಂಪ್ ಎಣ್ಣೆ ಹಿಡಿದ ಕೂಡಲೇ ಡ್ರಿಲ್ ಭಾರವಾಗಿ ಕೈಯನ್ನು ಎಳೆಯುತ್ತದೆ. ಇನ್ನೊಬ್ಬರು ಕ್ರ್ಯಾಂಕನ್ನು ಸಾವಕಾಶವಾಗಿ ಕೈಯಿಂದ ತಿರುಗಿಸುತ್ತಿರಲಿ, ಎಲ್ಲ 16 ರಾಕರುಗಳ ಬುಡದಲ್ಲಿಯೂ ಎಣ್ಣೆ ಜಿನುಗುವುದು ಕಂಡ ಮೇಲೆ ನಿಲ್ಲಿಸಿ. ಫ್ಲ್ಯಾಟ್ ಟ್ಯಾಪೆಟ್ ಎಂಜಿನ್ ಆದರೆ, ಹೊತ್ತಿಕೊಂಡ ಕೂಡಲೇ ಐಡ್ಲಿಂಗಿಗೆ ಬಿಡದೆ 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತ 20 ನಿಮಿಷ ಓಡಿಸಬೇಕು. ಅದಕ್ಕಾಗಿ ಟೈಮಿಂಗ್, ಪೆಟ್ರೋಲ್, ಕೂಲಂಟ್ ಎಲ್ಲವನ್ನೂ ಮೊದಲೇ ಸರಿಪಡಿಸಿಕೊಂಡಿರಬೇಕು, ಎದುರಿಗೊಂದು ದೊಡ್ಡ ಫ್ಯಾನ್ ಇಟ್ಟಿರಬೇಕು. ರೋಲರ್ ಎಂಜಿನ್ನಿಗೆ ಈ ಕಟ್ಟುಪಾಡಿಲ್ಲ. ಎರಡಕ್ಕೂ ಮೊದಲ ಓಟದ ನಂತರ ಎಣ್ಣೆ ಬದಲಾಯಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಬೇಕು. ಸಣ್ಣ ಬೂದಿಬಣ್ಣದ ಮಸಿ ಸಹಜ. ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರುಗಳು ಕಂಡರೆ ಮತ್ತೆ ಸ್ಟಾರ್ಟ್ ಮಾಡದೆ, ಫೋಟೊ ತೆಗೆದು ಮಾರಾಟಗಾರರಿಗೆ ಅಂದೇ ಬರೆಯಿರಿ.